ಒಂದೇ ಎಳೆತಕ್ಕೆ ಬಿಚ್ಚುವ ಕಟ್ಟು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9

ಅಂಟು ಕುದಿಯಲು ಇಟ್ಟಿದ್ದೇನೆ. ಕಾಲೇಜು ಲೈಬ್ರರಿಯಿಂದ ನಲವತ್ತು ಪುಸ್ತಕ ಬೈಂಡಿಂಗಿಗೆ ಬಂದಿವೆ. ಬೆನ್ನು ಮುರಿದವು, ರಟ್ಟು ಕಿತ್ತವು. ಒಂದಂತೂ ಮೊದಲ ಅಧ್ಯಾಯ ಕಳೆದುಕೊಂಡು ನೇರ ಎರಡನೆಯದರಲ್ಲೇ ಹುಟ್ಟಿದೆ. ಎಂ.ಎ. ಮಾಡಿದ ಮಗ ಪುಸ್ತಕ ಬರೆಯುತ್ತಾನೆ ಅಂದುಕೊಂಡಿದ್ದರು ಅಪ್ಪ. ಹೊಲಿಯುತ್ತಿದ್ದೇನೆ. ತೀರಾ ದೂರವೇನೂ ಹೋಗಿಲ್ಲ.

ಮಗಳಿಗೆ ಕೆಲಸ ಸಿಕ್ಕಿದೆ. ಇಪ್ಪತ್ತಮೂರಾದರೂ ಇನ್ನೂ ಅಳಿಲು ಅಂತಲೇ ಕರೆಯುತ್ತೇನೆ. ಅದಕ್ಕೇ ಇರಬೇಕು, ಮರ ಹತ್ತುವ ಕೆಲಸವನ್ನೇ ಹುಡುಕಿಕೊಂಡಳು. ಹಗ್ಗ ಕಟ್ಟಿಕೊಂಡು ಏರುವುದು, ಸೊಂಟಕ್ಕೆ ತೂಗಿದ ಮೋಟರ್ ಗರಗಸದಿಂದ ಕರೆಂಟು ತಂತಿಗೆ ತಾಗುವ ಕೊಂಬೆ ಕತ್ತರಿಸುವುದು. ನನ್ನದು ಕಟ್ಟುವ ಕೆಲಸ, ಅವಳದು ಕಟ್ ಮಾಡುವ ಕೆಲಸ; ಮನೆತನ ಬಿಟ್ಟುಕೊಟ್ಟಿಲ್ಲ ಅಂದೆ. ನಗಲಿಲ್ಲ.

ಹದಿನೇಳನೇ ತಾರೀಖು ಹೊರಡಬೇಕು. ಷರತ್ತು ಒಂದೇ — ಪ್ರತಿಯೊಬ್ಬರ ಸೊಂಟಕ್ಕೂ ಅವರವರದೇ ಒಂದು ಟ್ರಾಮಾ ಕಿಟ್, ಅಂದರೆ ದೊಡ್ಡ ಗಾಯಕ್ಕೆ ಕಟ್ಟುವ ಸಾಮಾನಿನ ಚೀಲ, ಇರಬೇಕು. ಅಂಗೈಯಗಲ, ಮುಷ್ಟಿ ದಪ್ಪ, ಅದಕ್ಕಿಂತ ದೊಡ್ಡದಿರಬಾರದು. ಅಲ್ಲಿನ ಮೇಸ್ತ್ರಿ ಪಟ್ಟಿ ಕಳಿಸಿದ್ದಾರೆ. ಪಟ್ಟಿ ತುಂಬ ಪಟ್ಟಿಗಳೇ.

"ನಾನು ಮಾಡಿಕೊಡ್ತೀನಿ" ಅಂದೆ.

"ನೀನಾ? ರಕ್ತ ಕಂಡ್ರೆ ಮೊದ್ಲು ಬೀಳೋನು ನೀನು."

"ಕಿಟ್ಟಲ್ಲಿ ರಕ್ತ ಇರಲ್ಲ ತಾನೆ?"

ಪಟ್ಟಿಯನ್ನು ನನ್ನ ಕೈಗಿಟ್ಟಳು. ಗೆದ್ದೆ.

ಮಾರ್ಚ್ 5, ಬುಧವಾರ

ಸಾಮಾನು ಬಂತು. ಕತ್ತರಿಸುವ ಮೇಜಿನ ಮೇಲೆ ಹರಡಿದೆ. ಗಾಯದೊಳಕ್ಕೆ ತುರುಕುವ ಉದ್ದನೆಯ ಗಾಜ್ ಬಟ್ಟೆ. ಒತ್ತಿ ಕಟ್ಟುವ ಬ್ಯಾಂಡೇಜು. ಎದೆಗೆ ತೂತಾದರೆ ಮುಚ್ಚಲು ಅಂಟುವ ಹಾಳೆ. ಗ್ಲೌಸು. ಮೊಂಡು ಮೂತಿಯ ಕತ್ತರಿ. ಕಟ್ಟಿದ ಹೊತ್ತು ಬರೆಯಲು ಒಂದು ಮಾರ್ಕರ್ ಪೆನ್ನು. ಅಗಲವಾದ ಬಟ್ಟೆಪಟ್ಟಿಯೊಂದು, ನಡುವೆ ತಿರುಗಿಸಲು ಕಡ್ಡಿ — ಕೈಕಾಲಿಗೆ ಬಿಗಿದರೆ ರಕ್ತ ನಿಲ್ಲುತ್ತದಂತೆ.

ಹೆಂಡತಿ ಶಾಲೆಯಿಂದ ಬಂದವಳು ಕಡ್ಡಿ ಎತ್ತಿ ನೋಡಿದಳು. ಗಣಿತದ ಟೀಚರ್. ಎಣಿಸದೆ ಯಾವುದನ್ನೂ ಮನೆಯೊಳಕ್ಕೆ ಬಿಡುವವಳಲ್ಲ.

"ಏನ್ರೀ ಇದು, ಬೆಲ್ಟಾ?"

"ಟೂರ್ನಿಕೆಟ್."

"ಟೂರ್ ಟಿಕೆಟ್ ಆಗಿದ್ರೆ ಚೆನ್ನಾಗಿರ್ತಿತ್ತು. ಇಪ್ಪತ್ತೈದು ವರ್ಷದಿಂದ ಕೇಳ್ತಾನೇ ಇದೀನಿ."

ಅಪ್ಪನ ಕಾಲದಲ್ಲಿ ಅಂಗಡಿಯ ಪ್ರಥಮ ಚಿಕಿತ್ಸೆ ಎಂದರೆ ಒಂದು ಬಿಸ್ಕತ್ತಿನ ಡಬ್ಬಿ. ಟಿಂಚರ್ ಸೀಸೆ, ಹತ್ತಿ, ಪುಸ್ತಕದ ಬೆನ್ನಿಗೆಂದು ತಂದ ಮಸ್ಲಿನ್ನಿನ ಚೂರುಗಳು. ಬೆರಳು ಕೊಯ್ದರೆ ಮಸ್ಲಿನ್ ಸುತ್ತಿ ಮೇಲೆ ಅಂಟು ಸವರುತ್ತಿದ್ದರು. ಒಣಗಿದ ಮೇಲೆ ಬೆರಳಿಗೇ ರಟ್ಟು ಹಾಕಿದ ಹಾಗೆ. ನನ್ನ ತೋರುಬೆರಳಿಗೆ ಎರಡು ಬಾರಿ ಬೈಂಡಿಂಗ್ ಆಗಿದೆ. ಈಗಿರುವುದು ಪರಿಷ್ಕೃತ ಆವೃತ್ತಿ. ಟಿಂಚರ್ ಹಚ್ಚುವಾಗ ಬಾಗಿ ಊದುತ್ತಿದ್ದರು. ಉರಿಯೇನೂ ಹೋಗುತ್ತಿರಲಿಲ್ಲ. ಆದರೆ ಅವರ ಬಾಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಆ ವಾಸನೆ ಬಂದರೆ ಅಳು ಅರ್ಧಕ್ಕೇ ನಿಲ್ಲುತ್ತಿತ್ತು. ಈಗಲೂ ಟಿಂಚರ್ ಅಂದರೆ ನನ್ನ ಮೂಗಿಗೆ ಲವಂಗವೇ.

ಮಾರ್ಚ್ 8, ಶನಿವಾರ

ರಟ್ಟಿಗೆ ಹೊದಿಸುವ ಕ್ಯಾಲಿಕೋ ಬಟ್ಟೆಯ ಚೀಲ ಆಯಿತು. ಕಡುಹಸಿರು. ಮೇಣ ಹಚ್ಚಿದ ದಾರ, ಜೋಡಿ ಹೊಲಿಗೆ, ಮೂಲೆಗಳಿಗೆ ಚರ್ಮ. ಎಲ್ಲವನ್ನೂ ಪುಸ್ತಕದ ಮಡಿಸಿದ ಫಾರಂ ಜೋಡಿಸಿದ ಹಾಗೆ ಜೋಡಿಸಿದೆ. ಆದರೂ ಮುಷ್ಟಿಗಿಂತ ದಪ್ಪ. ಗಾಳಿ ತುಂಬಿಕೊಂಡಿದೆ. ಅದಕ್ಕೆ ನನ್ನಲ್ಲಿ ಮದ್ದಿದೆ — ಎರಡು ಹಲಗೆಗಳ ನಡುವೆ ಇಟ್ಟು ತಿರುಪಿನ ಪ್ರೆಸ್ಸಿಗೆ ಹಾಕಿದೆ. ಮೂವತ್ತು ವರ್ಷದಿಂದ ಎಂತೆಂಥ ಉಬ್ಬಿದ ಗ್ರಂಥಗಳನ್ನು ತೆಳ್ಳಗೆ ಮಾಡಿದ ಪ್ರೆಸ್ಸು. ಒಮ್ಮೆ 'ಟಕ್' ಅಂತು. ಹಲಗೆ ಕೂತಿರಬೇಕು.

ಅದು ಕೂರುವಷ್ಟು ಹೊತ್ತು ನಾನೂ ಕೂತೆ. ಅಳಿಲಿಗೆ ಏಳು ವರ್ಷವಿದ್ದಾಗ ಹಿತ್ತಲ ಮರದಿಂದ ಬಿದ್ದದ್ದು ನೆನಪಾಯಿತು. ಮಂಡಿ ಬಿರಿದಿತ್ತು. ಎತ್ತಿಕೊಳ್ಳಲು ಓಡಿದೆ, ರಕ್ತ ನೋಡಿದೆ, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಮುಖದ ಮೇಲೆ ನೀರು. ಪಕ್ಕದಲ್ಲಿ ಅವಳು, ಮಂಡಿಗೆ ಅಂಗಡಿಯ ಮಸ್ಲಿನ್ ತಾನೇ ಸುತ್ತಿಕೊಂಡು, ಕೈಯಲ್ಲಿ ಚೊಂಬು ಹಿಡಿದು.

"ಎದ್ದೇಳಪ್ಪ. ನಂಗೇನೂ ಆಗಿಲ್ಲ."

ಆ ಮಸ್ಲಿನ್ನಿನ ಮೇಲೆ ಅಂಗಡಿಯ ಮೊಹರು ಬಿದ್ದಿತ್ತು. ವಾರವಿಡೀ ಮಂಡಿಯ ಮೇಲೆ ಅಪ್ಪನ ಅಂಗಡಿಯ ವಿಳಾಸ ಹೊತ್ತು ಶಾಲೆಗೆ ಹೋದಳು. ಕಳೆದುಹೋದರೆ ಯಾರಾದರೂ ತಂದು ಬಿಡಲಿ ಎಂಬಂತೆ.

ಮಾರ್ಚ್ 9, ಭಾನುವಾರ

ಸೋತೆ. ಬರೆಯಲೂ ನಾಚಿಕೆ.

ಮೇಲಿನ ಬೀದಿಯ ನರ್ಸಮ್ಮ ಬಂದಿದ್ದರು. ಆಂಬುಲೆನ್ಸಿನಲ್ಲಿ ಇಪ್ಪತ್ತೆಂಟು ವರ್ಷ ಓಡಾಡಿ ರಿಟೈರ್ ಆದವರು. ಈಗ ಇಂಥ ಕೆಲಸಗಾರರಿಗೆ ತರಬೇತಿ ಕೊಡುತ್ತಾರೆ. ಹೆಂಡತಿಯೇ ಕರೆಸಿದ್ದಳು, ನನ್ನ ಮೇಲಿನ ನಂಬಿಕೆಯಿಂದ.

ಚೀಲವನ್ನು ತಿರುಗಿಸಿ ನೋಡಿದರು. "ಚಂದ ಇದೆ ಯಜಮಾನ್ರೇ. ಶೋಕೇಸಲ್ಲಿಡಬಹುದು." ಅಳಿಲಿನ ಕಣ್ಣಿಗೆ ಟವೆಲ್ ಕಟ್ಟಿದರು. "ಬಲಗೈ ಹೋಗಿದೆ ಅಂದ್ಕೋ. ಎಡಗೈಯಲ್ಲಿ ತೆಗಿ. ಇಪ್ಪತ್ತು ಸೆಕೆಂಡು."

ಇಪ್ಪತ್ತಾಯಿತು. ನಲವತ್ತಾಯಿತು. ಅಳಿಲು ನನ್ನ ಗಂಟನ್ನು ಹಲ್ಲಿನಿಂದ ಕಚ್ಚಿದಳು. ನನ್ನ ಗಂಟು ಬಿಚ್ಚಿದ ಇತಿಹಾಸವೇ ಇಲ್ಲ. ಒಂದೂವರೆ ನಿಮಿಷಕ್ಕೆ ನರ್ಸಮ್ಮ ಗಡಿಯಾರದಿಂದ ಕಣ್ಣೆತ್ತಿದರು. "ಸತ್ತೋದ್ಲು."

ಅಷ್ಟು ತಣ್ಣಗೆ.

ಆಮೇಲೆ ಅವರೇ ಚೀಲ ಕತ್ತರಿಸಿ ತೆರೆದರು. ಟೂರ್ನಿಕೆಟ್‌ನ ಕಡ್ಡಿ ಸೀಳಿತ್ತು. ಎದೆಯ ಹಾಳೆಯ ಅಂಟು ಹೊರಗೆ ಬಂದು ಗಾಜ್‌ಗೆ ಮೆತ್ತಿಕೊಂಡಿತ್ತು.

"ಏನು ಮಾಡಿದ್ರಿ ಇದಕ್ಕೆ?"

"ಪ್ರೆಸ್ಸಿಗೆ ಹಾಕಿದ್ರು" ಅಂದಳು ಹೆಂಡತಿ. ಎಣಿಸಿ ಎರಡೇ ಪದ.

ನರ್ಸಮ್ಮ ನಗಲಿಲ್ಲ. ಅದೇ ಕಷ್ಟವಾದದ್ದು. "ಒಂದು ತಿಳ್ಕೊಳಿ. ಇದು ಇವಳು ಬೇರೆಯವರಿಗೆ ಹಾಕೋಕಲ್ಲ. ಇವಳಿಗೇನಾದ್ರೂ ಆದ್ರೆ ಇವಳೋ, ಪಕ್ಕದಲ್ಲಿದ್ದೋರೋ ಇದನ್ನೇ ತೆಗೆದು ಇವಳಿಗೇ ಹಾಕ್ತಾರೆ. ಬೇರೆ ಇರಲ್ಲ."

ಇಷ್ಟು ದಿನ ನಾನು ಒಂದು ಚೀಲ ಹೊಲಿಯುತ್ತಿದ್ದೆ. ಅವಳ ಗಾಯವನ್ನು ಹೊಲಿಯುತ್ತಿದ್ದೇನೆಂದು ಹೊಳೆದಿರಲಿಲ್ಲ.

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಹೊಸ ಸಾಮಾನು. ಲೈಬ್ರರಿಯ ಪುಸ್ತಕಗಳು ಬೆನ್ನು ಮುರಿದುಕೊಂಡೇ ಕಾಯುತ್ತಿವೆ.

ಬಿಚ್ಚಿಕೊಳ್ಳುವುದನ್ನು ಮಾಡಲು ಕಲಿಯುತ್ತಿದ್ದೇನೆ. ಮೂವತ್ತು ವರ್ಷ ಕಲಿತದ್ದೆಲ್ಲ ತಿರುವುಮುರುವು. ಒಂದು ಹಾಳೆಯೂ ಕಳಚಬಾರದು ಅಂತ ಅಪ್ಪ ಕೈ ಹಿಡಿದು ಹೇಳಿಕೊಟ್ಟಿದ್ದರು. ಹೊಲಿದ ಪುಸ್ತಕವನ್ನು ಒಂದೇ ಹಾಳೆಯಲ್ಲಿ ಹಿಡಿದೆತ್ತಿ ಅಲ್ಲಾಡಿಸುತ್ತಿದ್ದರು. ಉಳಿದರೆ ಕಾಫಿ, ಕಿತ್ತರೆ ಮತ್ತೆ ಮೊದಲಿಂದ. ಈಗ ಇದನ್ನು ಎತ್ತಿ ಅಲ್ಲಾಡಿಸಿದರೆ ಎಲ್ಲ ಉದುರಬೇಕು, ಆದರೆ ಮರದ ಮೇಲೆ ತಲೆಕೆಳಗಾದರೂ ಉದುರಬಾರದು. ಅಪ್ಪ ಇದ್ದಿದ್ದರೆ, ಮೊದಲು ಒಂದು ತೀರ್ಮಾನಕ್ಕೆ ಬಾರಯ್ಯ ಅನ್ನುತ್ತಿದ್ದರು.

ಗಂಟಿಲ್ಲ. ಗುಂಡಿಯಿಲ್ಲ. ವೆಲ್ಕ್ರೊ ಅಂಟುಪಟ್ಟಿ, ಅದರ ತುದಿಯಲ್ಲಿ ಕೆಂಪು ಕುಣಿಕೆ. ಎಳೆದರೆ ಚೀಲ ಪುಸ್ತಕದಂತೆ ತೆರೆಯಬೇಕು. ಗಾಜ್ ಸುರುಳಿ ಸುತ್ತಿದರೆ ಉರುಳಿಕೊಂಡು ಹೋಗುತ್ತದಂತೆ. ಅದಕ್ಕೇ ಹಿಂದೆಮುಂದೆ ಮಡಿಕೆ ಮಾಡಿದ್ದನ್ನು ತರಿಸಿದೆ. ಟೂರ್ನಿಕೆಟ್ ಎಲ್ಲಕ್ಕಿಂತ ಮೇಲೆ. ಗಾಳಿ ತೆಗೆಯಲು ಬರೀ ಅಂಗೈ. ಪ್ರೆಸ್ಸಿನ ಕಡೆ ನೋಡಲೂ ಇಲ್ಲ. ಅದೂ ಮುಖ ತಿರುಗಿಸಿ ಕೂತಂತಿದೆ.

ಐದು ಚೀಲ ಕೆಟ್ಟವು. ಆರನೆಯದು ಪರವಾಗಿಲ್ಲ.

ಮಾರ್ಚ್ 16, ಭಾನುವಾರ

ಎಡಗೈ. ಕಣ್ಣಿಗೆ ಟವೆಲ್. ಅಳಿಲು ಕುಣಿಕೆ ಎಳೆದಳು — ಚರ್ರ್.

ಒಂಬತ್ತು ಸೆಕೆಂಡು.

ನರ್ಸಮ್ಮ ನನ್ನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡು ಅಭ್ಯಾಸವಿಲ್ಲ. ಈ ಅಂಗಡಿಯಲ್ಲಿ ಬೆನ್ನು ತಟ್ಟುವವನು ನಾನು, ಸುತ್ತಿಗೆಯಲ್ಲಿ. ಒಂದು ಚೀಟಿಯಲ್ಲಿ ಅವಳ ರಕ್ತದ ಗುಂಪು ಬರೆದು ಚೀಲದೊಳಗಿಡಿ ಎಂದರು. ಬರೆದೆ. ನನ್ನದೂ ಅದೇ ಗುಂಪು ಎಂದು ಯಾಕೋ ಎರಡು ಸಲ ಹೇಳಿದೆ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 6

ಹೋದಳು.

ಏಪ್ರಿಲ್ 2, ಬುಧವಾರ

ಹದಿನೈದು ದಿನ ಬರೆಯಲಿಲ್ಲ. ಬರೆದರೆ ಏನಾದರೂ ಆಗಿಬಿಡುತ್ತದೆ ಅಂತ. ಎಂ.ಎ. ಆದವನಿಗೆ ಬರಬಾರದ ಯೋಚನೆ.

ಬರೆಯದಿದ್ದರೂ ಆಯಿತು. ಇವತ್ತು ಹನ್ನೊಂದಕ್ಕೆ ಫೋನು. ಮೊದಲ ಮಾತೇ, "ಅಪ್ಪ, ನಂಗೇನೂ ಆಗಿಲ್ಲ." ನೆಲದ ಮೇಲೆ ಕೂತೆ.

ಆದದ್ದು ಮೇಸ್ತ್ರಿಗೆ. ಗರಗಸ ಜಾರಿ ಮೊಣಕೈಗಿಂತ ಕೆಳಗೆ ಆಳವಾಗಿ ಬಿದ್ದಿದೆ. ಪಟ್ಟಿ ಬರೆದು ಕಳಿಸಿದ ಪುಣ್ಯಾತ್ಮ ತನ್ನ ಕಿಟ್ಟನ್ನು ಗಾಡಿಯಲ್ಲೇ ಬಿಟ್ಟಿದ್ದರಂತೆ. ಪಕ್ಕದಲ್ಲಿದ್ದವಳು ಅಳಿಲು. ತನ್ನದನ್ನೇ ಎಳೆದಿದ್ದಾಳೆ.

ಆಸ್ಪತ್ರೆಯಲ್ಲಿದ್ದಾರೆ. ಬದುಕುತ್ತಾರೆ. ಕೈಯೂ ಉಳಿಯುತ್ತದೆ.

"ಬಿಚ್ಚಿತಾ?" ಅಂದೆ.

"ಒಂದೇ ಎಳೆತಕ್ಕೆ ಬಿಚ್ಚಿತಪ್ಪ."

ಹೆಂಡತಿಗೆ ಹೇಳಲು ಅಡುಗೆಮನೆಗೆ ಹೋದೆ. ಅವಳೇ ಫೋನು ಕಸಿದುಕೊಂಡಳು.

ಏಪ್ರಿಲ್ 4, ಶುಕ್ರವಾರ. ಸಂಜೆ

ಮೂರು ದಿನದ ರಜೆಗೆ ಬಂದಿದ್ದಾಳೆ. ತೋಳು ಕಪ್ಪಾಗಿದೆ, ಕೈ ತುಂಬ ಗೀರು. ಊಟ ಸರಿಯಾಗಿ ಮಾಡಲಿಲ್ಲ. ಅಂಗಡಿಗೆ ಬಂದು ಚಿಕ್ಕವಳಿದ್ದಾಗಿನಂತೆ ರಟ್ಟಿನ ಕಟ್ಟುಗಳ ಮೇಲೆ ಕೂತಳು. ಆಗ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ರಟ್ಟು ಎಣಿಸಿ ಕೊಡುತ್ತಿದ್ದಳು, ಹತ್ತೊಂಬತ್ತಾದ ಮೇಲೆ ಮತ್ತೆ ಹತ್ತು. ಅಮ್ಮನಿಗೆ ಹೇಳಬೇಡ ಅನ್ನುತ್ತಿದ್ದಳು.

"ಅಮ್ಮಂಗೆ ಹೇಳ್ಬೇಡ" ಅಂದಳು ಇವತ್ತೂ.

"ಹೇಳಲ್ಲ."

"ನಾನು ನಿಲ್ಲಿಸಿಬಿಟ್ಟೆ ಅಪ್ಪ. ಕಡ್ಡಿ ತಿರುಗಿಸ್ತಿದ್ದೆ, ಮೇಸ್ತ್ರಿ ಕೂಗ್ಕೊಂಡ್ರು — ಸಾಕಮ್ಮಾ ಸಾಕು, ನೋವು ಅಂತ. ಕೈ ನಿಂತೋಯ್ತು. ರಕ್ತ ನಿಂತಿರ್ಲಿಲ್ಲ. ಗಾಡಿ ಡ್ರೈವರ್ ನನ್ನ ತಳ್ಳಿ ಇನ್ನೂ ಒಂದು ಸುತ್ತು ತಿರುಗಿಸಿದ. ಅವನಿಲ್ದಿದ್ರೆ..."

"ಡ್ರೈವರ್ ಇದ್ದನಲ್ಲ."

"ಮುಂದಿನ ಸಲ? ಸೋಮವಾರ ಹೋಗಲ್ಲ ನಾನು. ಇನ್ನೊಬ್ರ ಜೀವ ನನ್ ಕೈಲಿ ಆಗಲ್ಲ."

ಹೋಗಬೇಡ ಕಣೇ. ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಅಂದರೆ ಇಲ್ಲೇ ಇರುತ್ತಾಳೆ. ಲೈಬ್ರರಿಯ ಪುಸ್ತಕಗಳಿಗೆ ಇಬ್ಬರೂ ಬೆನ್ನು ಕಟ್ಟಬಹುದು. ಮಧ್ಯಾಹ್ನ ಕಾಫಿ ಹೊತ್ತಿಗೆ ಎದುರಿಗಿರುತ್ತಾಳೆ. ಇದಕ್ಕಿಂತ ಹೆಚ್ಚು ನಾನು ಏನನ್ನೂ ಬಯಸಿಲ್ಲ.

ಅವಳು ಕಿಟಕಿಯಾಚೆ ಹಿತ್ತಲ ಮರವನ್ನೇ ನೋಡುತ್ತಿದ್ದಳು, ಬುಡದಿಂದ ತುದಿಯವರೆಗೆ, ಎಲ್ಲಿ ಹಗ್ಗ ಕಟ್ಟಬಹುದು ಎಂದು ಕಣ್ಣಲ್ಲೇ ಅಳೆಯುತ್ತ. ಅವಳಿಗೇ ಗೊತ್ತಿಲ್ಲದೆ.

"ನಾಳೆ ನರ್ಸಮ್ಮನ್ನ ಕರೀತೀನಿ" ಅಂದೆ. "ಅವರ ಹತ್ರ ಅಭ್ಯಾಸಕ್ಕೆ ಇಟ್ಕೊಂಡಿರೋ ಟೂರ್ನಿಕೆಟ್ ಇದೆ. ನನ್ ತೋಳಿದೆ."

"ನೀನು ಬಿದ್ದೋಗ್ತೀಯ."

"ರಕ್ತ ಬರಲ್ಲ ತಾನೆ? ಬರೀ ನೋವು. ನೋವಿಗೆ ಬೀಳಲ್ಲ ನಾನು. ನಿಮ್ಮಮ್ಮನ್ನ ಕೇಳು, ಇಪ್ಪತ್ತೈದು ವರ್ಷದಿಂದ ನಿಂತೇ ಇದೀನಿ."

ಅಷ್ಟಕ್ಕೆ ನಕ್ಕಳು. ಸ್ವಲ್ಪ.

ಏಪ್ರಿಲ್ 5, ಶನಿವಾರ. ನಾಲ್ಕು ಗಂಟೆ

ಎಡತೋಳು ಕೊಟ್ಟಿದ್ದೇನೆ. ತೋಳಿನ ಕಡೆ ನೋಡಬೇಡಿ, ಏನಾದರೂ ಮಾಡ್ತಿರಿ ಎಂದರು ನರ್ಸಮ್ಮ. ಬಲಗೈ ಬರೆಯುತ್ತಿದೆ. ಹೆಂಡತಿ ಬಾಗಿಲಲ್ಲಿ ನಿಂತು ಸುತ್ತು ಎಣಿಸುತ್ತಿದ್ದಾಳೆ. ಯಾರೂ ಹೇಳದಿದ್ದರೂ ಅವಳಿಗೆಲ್ಲ ಗೊತ್ತು.

ಮೊದಲ ಸಲ ಅಳಿಲು ನನ್ನ ಮುಖ ನೋಡಿ ನಿಲ್ಲಿಸಿದಳು. ಎರಡನೆಯ ಸಲವೂ. ನರ್ಸಮ್ಮ ನನ್ನ ಮಣಿಕಟ್ಟು ಹಿಡಿದಿದ್ದಾರೆ. "ನಾಡಿ ಇನ್ನೂ ಓಡ್ತಿದೆ ಮಗಾ. ಅಂದ್ರೆ ರಕ್ತಾನೂ ಓಡ್ತಿದೆ."

ಮೂರನೆಯ ಸಲ. ಒಂದು ಸುತ್ತು.

"ನೋಯ್ತಿದೆಯಾ ಅಪ್ಪ?"

ನೋಯ್ತಿದೆ. ತಿರುಗಿಸು.

ಒಂದೂವರೆ. ಅಳುತ್ತಿದ್ದಾಳೆ, ಕೈ ಬಿಟ್ಟಿಲ್ಲ. ಅಕ್ಷರ ಸೊಟ್ಟಗಾಗುತ್ತಿದೆ. ಬೆರಳು ಜುಮ್ಮೆನ್ನುತ್ತಿವೆ. "ಇನ್ನೂ ಇದೆ" ಎನ್ನುತ್ತಿದ್ದಾರೆ ನರ್ಸಮ್ಮ. ಎರಡು. ನನ್ನನ್ನು ನೋಡಬೇಡ, ಕಡ್ಡಿ ನೋಡು ಅಂದೆ. ನೋಡುತ್ತಿಲ್ಲ. ಹಲ್ಲು ಕಚ್ಚಿದ್ದಾಳೆ. ಇನ್ನು ಅರ್ಧ ಸುತ್ತು, ಅಳಿಲು, ಬಿಡಬೇ—