ಆಯುಧಪೂಜೆಗೆ ಮಾತ್ರ ಬೀಗ ತೆಗೆಯುವ ರೈಫಲ್‌ಗಳು

ಶಾಲಾ ಕೆಡೆಟ್ ಪಡೆಯ ಮಾನ್ಯ ಅಧಿಕಾರಿಗಳೇ,

ಹುಡುಗಿಯರಿಗೆ ರೈಫಲ್ ಮುಟ್ಟಲು ಬಿಡದೆ ಡ್ರಿಲ್ ಕಲಿಸಿ, ಕೊನೆಗೆ ರೈಫಲ್ ಹಿಡಿಯಲು ಬಾರದೆಂದು ಅವರನ್ನೇ ಫೇಲು ಮಾಡಿದ ನಿಮ್ಮ ಪ್ರತಿಭೆಗೆ ಮೊದಲು ಒಂದು ಸೆಲ್ಯೂಟ್. ನನಗೆ ಮದುವೆಯಾಗಿ ಇಪ್ಪತ್ತಮೂರು ದಿನ. ಲಷ್ಕರ್ ಮೊಹಲ್ಲಾದ ನಮ್ಮ ಇಕ್ಕಟ್ಟಿನ ಓಣಿಯೂ ನನ್ನ ಕಣ್ಣಿಗೆ ಈಗ ದಸರಾ ದೀಪಾಲಂಕಾರ! ಇಷ್ಟು ಖುಷಿಯಲ್ಲಿರುವವಳಿಗೂ ಸಿಟ್ಟು ಬರಿಸಿದಿರಲ್ಲ, ಸಾಮಾನ್ಯ ಸಾಧನೆಯೇ?

ನನ್ನ ನಾದಿನಿ ನಿಶ್ಚಿತಾ ಒಂಬತ್ತನೇ ತರಗತಿ, ನಿಮ್ಮದೇ ಕೆಡೆಟ್. ಜನವರಿಯ ದೆಹಲಿ ಪರೇಡಿಗೆ ಹೋಗಬೇಕೆಂಬುದು ಅವಳ ಎರಡು ವರ್ಷದ ಕನಸು. ಆದರೆ ಹುಡುಗರಿಗೆ ರೈಫಲ್, ಹುಡುಗಿಯರಿಗೆ ಬಿದಿರು ಕೋಲು ಎಂಬುದು ನಿಮ್ಮ ನಿಯಮ. ಕಳೆದ ಭಾನುವಾರ ಆಯ್ಕೆಯ ದಿನ ಮಾತ್ರ ಅವಳ ಕೈಗೆ ನಾಲ್ಕು ಕಿಲೋ ಭಾರದ ರೈಫಲ್ ಕೊಟ್ಟಿರಿ. ಹೆಗಲಿಗೇರಿಸುವಾಗ ಜಾರಿತು. "ಮನೆಗೆ ಹೋಗಿ ಸೌಟು ಹಿಡಿಯಮ್ಮ" ಎಂದಿರಂತೆ. ಎಂಥ ಶೌರ್ಯ!

ಹುಡುಗಿಯರಿಗೆ ಕೊಡದಿರಲು ನೀವು ಹೇಳುವ ಕಾರಣ, ಅದು ಅಪಾಯದ ಆಯುಧವಂತೆ. ಯಾವ ಅಪಾಯ ಸ್ವಾಮಿ? ಮಹಾಯುದ್ಧದ ಕಾಲದ ಈ ರೈಫಲ್‌ಗಳ ನಳಿಗೆಗೆ ತೂತು ಕೊರೆದು, ಗುಂಡು ಹಾರದಂತೆ ಮಾಡಿದ ಮೇಲೆಯೇ ಅಲ್ಲವೇ ನಮ್ಮ ಶಾಲೆಗೆ ಕೊಟ್ಟದ್ದು? ಸ್ಟೋರ್ ನೋಡಿಕೊಳ್ಳುವ ಚಿಕ್ಕಮಾದಯ್ಯನವರನ್ನು ಕೇಳಿದೆ. "ಸತ್ತೋಗಿರೋ ಕೋವಿ ಕಣಮ್ಮ ಅದು, ಸೊಳ್ಳೇನೂ ಸಾಯಕಿಲ್ಲ. ಎಣ್ಮಕ್ಳಿಗೆ ಬೀಗ ತೆಗೀಬ್ಯಾಡ ಅಂದ್ಬುಟ್ಟವ್ರೆ ಸಾಯೇಬ್ರು, ನಾನೇನ್ ಮಾಡ್ಲಿ?" ಎಂದರು.

ಆಯುಧಪೂಜೆಗೆ ಮಾತ್ರ ಆ ಬೀಗ ತಾನೇ ತೆರೆದುಕೊಳ್ಳುತ್ತದೆ. ಅಂದು ರೈಫಲ್ ಒರೆಸಿ, ಎಣ್ಣೆ ಹಚ್ಚಿ, ಅರಿಶಿನ ಕುಂಕುಮವಿಟ್ಟು, ಚೆಂಡುಹೂ ಸುತ್ತಲು ಹುಡುಗಿಯರೇ ಬೇಕು! ಆರತಿಯಾದ ಮೇಲೆ ಹುಡುಗರು ರೈಫಲ್ ಹೊತ್ತು ಫೋಟೊಗೆ ನಿಲ್ಲುತ್ತಾರೆ, ಹುಡುಗಿಯರು ಪುರಿ ಹಂಚುತ್ತಾರೆ. ತೊಂಬತ್ತನಾಲ್ಕರಲ್ಲಿ ಇದೇ ಶಾಲೆಯ ಇಂಗ್ಲಿಷ್ ಮೀಡಿಯಂನಲ್ಲಿ ಓದುತ್ತಿದ್ದ ನಾನೂ ಹಂಚಿದ್ದೇನೆ, ತುಟಿ ಬಿಚ್ಚದೆ. ಆಗ ನಿಮ್ಮ ಹಿಂದಿನವರಿದ್ದರು. ಒಂಬತ್ತು ವರ್ಷದಲ್ಲಿ ನೀವು ಬದಲಾಯಿಸಿದ್ದು ಕುರ್ಚಿಯ ಬಟ್ಟೆಯನ್ನಷ್ಟೇ.

"ಇದನ್ನ ಪೇಪರ್‌ಗೆ ಕೊಟ್ರೆ ಅವ್ಳನ್ನ ಕೆಡೆಟ್‌ನಿಂದ್ಲೇ ಕಿತ್ತಾಕ್ಬುಡ್ತಾರೆ ಕಣೆ" ಎಂದರು ನನ್ನವರು. ನಿಶ್ಚಿತಾಳನ್ನೇ ಕೇಳಿದೆ. ಭಾನುವಾರದಿಂದ ಹಿತ್ತಲಲ್ಲಿ ಒನಕೆಯನ್ನು ಹೆಗಲಿಗೇರಿಸಿ ಇಳಿಸುತ್ತಿದ್ದವಳು ನಿಲ್ಲಿಸಲೂ ಇಲ್ಲ. "ಕೊಡಿ ಅತ್ತಿಗೆ. ಬರೀ ಕೋಲು ತಿರುಗ್ಸಕ್ಕೆ ನಾನ್ಯಾಕೆ ಅಲ್ಲಿಗೆ ಹೋಗ್ಲಿ?"

ಪಟ್ಟಿ ದೆಹಲಿಗೆ ಹೋಗುವ ಮೊದಲು ಹುಡುಗಿಯರಿಗೆಲ್ಲ ಹದಿನೈದು ದಿನ ರೈಫಲ್ ಡ್ರಿಲ್ ಕೊಡಿ, ಮತ್ತೆ ಪರೀಕ್ಷೆ ಮಾಡಿ. ಆಗಲೂ ಜಾರಿದರೆ ಅವಳು ಸೋತಳೆಂದು ಒಪ್ಪುತ್ತೇವೆ. ಈಗ ಜಾರಿದ್ದು ನಿಮ್ಮ ಕೈಯಿಂದ.

ಇಂತಿ,
ಒಂಬತ್ತು ವರ್ಷ ತಡವಾಗಿ ಬಾಯಿ ತೆರೆದ
ಲಾಸ್ಯ ಮೃತ್ಯುಂಜಯ
ಮೈಸೂರು, ನವೆಂಬರ್ ೨೦೦೩