ಏಳನೇ ಡ್ರಮ್

ಮಾರ್ಚ್ 3, ಸೋಮವಾರ
ಸಾಗರದ ನಮ್ಮ ಉಪ್ಪಿನಕಾಯಿ ಶೆಡ್ಡಿಗೆ ಇಂದು ಹನ್ನೊಂದು ಚೀಲ ಮಾವಿನ ಮಿಡಿ. ಆರಿಸಿ ಉಪ್ಪಿಗೆ ಹಾಕಿದ್ದಾಯಿತು. ಸೊಂಟ ನೋವು.
ಮ್ಯಾನೇಜರ್ ಸತೀಶ್ ಬಂದ. "ವಿಶಾಲಮ್ಮ, ಈ ಸಲ ಮಾಲು ಜರ್ಮನಿಗೆ ಹೋಗ್ತದೆ. ಮಿಡಿ ಆರಿಸೋಕೆ ಒಬ್ಬರನ್ನೇ ನಂಬ್ಕೊಂಡಿರೋದು ಬೇಡ ಅಂತಾರೆ ಅಲ್ಲಿ ಕೊಳ್ಳೋರು. ಇನ್ನೊಬ್ಬರಿಗೆ ಟ್ರೈನಿಂಗ್ ಕೊಡಿ."
ಹದಿನಾರು ವರ್ಷ ಇಲ್ಲದ ಟ್ರೈನಿಂಗ್ ಈಗ ಯಾಕೋ. ನನ್ನನ್ನು ತೆಗೆಯುತ್ತೇವೆ ಅನ್ನುವುದಿಲ್ಲ, ಟ್ರೈನಿಂಗ್ ಅನ್ನುತ್ತಾರೆ. ಅಳಿಯ ಅಲ್ಲ, ಮಗಳ ಗಂಡ.

ಮಾರ್ಚ್ 5
ಶ್ರಾವ್ಯಾ ಎಂಬ ಹುಡುಗಿ. ಹೊಸನಗರದಿಂದ ಮೊದಲ ಬಸ್ಸಿಗೆ ಬರುತ್ತಾಳೆ. ನನ್ನ ಪಕ್ಕವೇ ಕೂರಿಸಿದ್ದಾರೆ. ಸತೀಶ್ ಮೊಬೈಲಿನಲ್ಲಿ ನನ್ನ ಕೈಯ ವಿಡಿಯೋ ತೆಗೆದ. ಮುಖ ಬೇಡವಂತೆ, ಕೈ ಸಾಕಂತೆ... ಕೈ ಸಿಕ್ಕ ಮೇಲೆ ನಾನೇಕೆ ಬೇಕು?
ಗ್ಲೌಸ್, ಗಾತ್ರ, ಉಪ್ಪಿನ ಅಳತೆ — ಎಲ್ಲ ಕಲಿಸಿದೆ. ಒಂದು ಬಿಟ್ಟೆ. ನೆಲಕ್ಕೆ ಬಿದ್ದ ಮಿಡಿ ನೋಡಲು ಚೆನ್ನಾಗಿಯೇ ಇರುತ್ತದೆ. ತೊಟ್ಟು ಉಜ್ಜಿ ಮೂಸಿದರೆ ಮಾತ್ರ ಒಳಗೆ ಕೆಟ್ಟದ್ದು ತಿಳಿಯುತ್ತದೆ. ಅಂಥದು ಒಂದು ಸೇರಿದರೂ ಡ್ರಮ್ ಪೂರ್ತಿ ಮೆತ್ತಗಾಗುತ್ತದೆ. ಅದನ್ನು ಹೇಳಲಿಲ್ಲ. ಹೇಳುವುದೂ ಇಲ್ಲ.

ಮಾರ್ಚ್ 6
ಏಳನೇ ಡ್ರಮ್ ನಾನು ತುಂಬಿದೆ, ಎಂಟನೆಯದು ಅವಳು. ದಿನವಿಡೀ ಅವಳ ಮೇಲೇ ಕಣ್ಣು. ನನ್ನಿಂದ ಏನು ಕದಿಯುತ್ತಾಳೋ ನೋಡಬೇಕಲ್ಲ. ಪಾಪದ ಮುಖ. ಪಾಪದ ಮುಖದವರನ್ನೇ ನಾನು ನಂಬುವುದಿಲ್ಲ.

ಮಾರ್ಚ್ 24, ಸೋಮವಾರ
ಸ್ಯಾಂಪಲ್ ತೆಗೆಯಲು ಡ್ರಮ್‌ಗಳನ್ನು ತೆರೆದರು. ಎಂಟನೆಯದು ಗಟ್ಟಿ ಇದೆ. ಏಳನೆಯದು ಕೆಟ್ಟಿದೆ.
"ಹೊಸಬಳದ್ದೇ ಇರ್ಬೇಕು," ಅಂದ ಸತೀಶ್. "ನಾಳೆ ಫಾರಂನಲ್ಲಿ ಹೆಸರು ಬರ್ಕೊಡಿ. ಯಾರದ್ದೋ ಅವರನ್ನ ಕೆಲಸದಿಂದ ಬಿಡಿಸ್ತೀನಿ."
ಯಾರು ಯಾವುದನ್ನು ತುಂಬಿದರು ಎಂಬುದು ಈ ಡೈರಿಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಶ್ರಾವ್ಯಾ ಪಕ್ಕದಲ್ಲೇ ಡ್ರಮ್ಮಿನ ಮುಚ್ಚಳ ಒರೆಸುತ್ತಿದ್ದಳು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಾನೇ ಕೇಳಿದೆ, ನಿನ್ನದು ಹೇಗೆ ಉಳಿಯಿತು ಎಂದು.
"ಮೊದಲ ದಿನ ನೀವು ತೊಟ್ಟು ಮೂಸ್ತಿದ್ರಲ್ಲ ಅಕ್ಕಾ, ನಾನೂ ಹಂಗೇ ಮಾಡ್ದೆ."
ಬಸ್ಸು ಹತ್ತುವಾಗ ಅಂದಳು, "ಡ್ರಮ್ ತುಂಬಿದ ದಿನ ನೀವು ಮೂಸ್ಲೇ ಇಲ್ಲ. ನನ್ನೇ ನೋಡ್ತಾ ಇದ್ರಿ."
ಸತೀಶನಿಗೆ ಯಾಕೆ ಹೇಳಲಿಲ್ಲ ಇವಳು? ಅದರಲ್ಲೂ ಏನೋ ಇರಬೇಕು. ಏನೂ ಇಲ್ಲದಿದ್ದರೆ... ನಾಚಿಕೆಯಾಗುತ್ತಿದೆ.

ಮಾರ್ಚ್ 25, ಬೆಳಿಗ್ಗೆ 8
ಫಾರಂ ಮುಂದಿದೆ. ಒಂದೇ ಗೆರೆ ತುಂಬಬೇಕು. ಕಿಟಕಿಯಾಚೆ ಹೊಸನಗರದ ಬಸ್ಸು ಬಂತು, ಶ್ರಾವ್ಯಾ ಇಳಿಯುತ್ತಿದ್ದಾಳೆ. ಮೊದಲು ಇಲ್ಲೇ ಬರೆದು ನೋಡುತ್ತೇನೆ.
ಏಳನೇ ಡ್ರಮ್ ತುಂಬಿದವಳ ಹೆಸರು —