ಅಂಗೈ ಮೇಲಿನ ಕಡಲ ಹುಳ

೧೨ ಫೆಬ್ರವರಿ ೧೯೬೮, ಸೋಮವಾರ, ವಿರಾಜಪೇಟೆ

ಕಾರವಾರದ ಫೋಟೋ ಬಂತು, ನನ್ನ ಹುಳ ಮಾತ್ರ ಬರಲಿಲ್ಲ. ನೌಕಾಪಡೆಯಲ್ಲಿ ಮುಳುಗುಗಾರರಾದ ನನ್ನವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನನ್ನನ್ನೂ ಕಡಲೊಳಗೆ ಇಳಿಸಿದ್ದರು. ಅಕ್ಕಿಕಾಳಿನಷ್ಟು ಪುಟ್ಟ, ನೀಲಿ ಅಂಚಿನ ಆ ಕಪ್ಪು ಹುಳವನ್ನು ಬಂಡೆಯ ಮೇಲೆ ಮೊದಲು ಕಂಡವಳು ನಾನೇ. ಅದು ನನ್ನ ಅಂಗೈಗೆ ಹತ್ತಿದಾಗ ಅವರು ನೀರಿನೊಳಗೇ ಒಂದು ಫೋಟೋ ತೆಗೆದರು. ಫಿಲ್ಮ್ ಅಲ್ಲಿಗೆ ಮುಗಿಯಿತು.

"ಮದುಮಗಳ ಕೈಯಲ್ಲಿ ಕಲೆ ಇರ್ಬಾರ್ದಲ್ಲಾ ಅಮ್ಮಾ, ನೆಗೆಟಿವ್ ಮೇಲೇ ಬಣ್ಣ ಹಚ್ಚಿ ಮುಚ್ಚಿದೆ" ಎಂದರು ಸ್ಟುಡಿಯೋದ ಕುಂಞಪ್ಪಣ್ಣ. ನನಗೆ ಅಳುವೇ ಬಂತು. ಇವರು ದಾರಿಯುದ್ದಕ್ಕೂ ನಕ್ಕರು.

"ಹಾಗಾದ್ರೆ ಮತ್ತೆ ಮುಳುಗ್ಬೇಕಲ್ಲ ಮಾರಾಯ್ತಿ. ಹುಡುಕೋದು ನಿನ್ನ ಕೆಲ್ಸ."

ಅಂದರೆ ಮುಂದಿನ ರಜೆಯಲ್ಲೂ ಕಡಲಿಗೆ ಇಬ್ಬರೇ! ಕುಂಞಪ್ಪಣ್ಣನಿಗೆ ಒಂದು ಬಾಟಲಿ ಜೇನು ಕಳಿಸಬೇಕು. ಯಾಕೆಂದು ಅತ್ತೆ ಕೇಳಿದರೆ, ಫೋಟೋ ಬಹಳ ಚೆನ್ನಾಗಿ ಬಂದಿದೆ ಎಂದರಾಯಿತು.